ಖಾಲಿಯಾಗುವ ಟ್ಯಾಂಕು, ನಾಲ್ಕು ಚಿತ್ರಗಳು

ಫೆಬ್ರವರಿ ಕೊನೆಯ ವಾರ. ಕಣದ ತುಂಬ ರೊಬಸ್ಟಾ ಕಾಫಿ ಒಣಗುತ್ತಿತ್ತು. ಗುಡ್ಡದ ಮೇಲಿನ ನೀರಿನ ಟ್ಯಾಂಕು ರಾತ್ರಿ 10 ಗಂಟೆಗೆ ತುಂಬಿ ತುಳುಕುತ್ತಿತ್ತು. ಬೆಳಿಗ್ಗೆ ಅತ್ತೆ ಕಾಫಿಗೆ ನೀರಿಡುವ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ. 9 ಗಂಟೆಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ.

ಕೊಡಗಿನ ನಾಪೋಕ್ಲು ಕಡೆ ಇರುವ ನನ್ನ ಸೋದರಮಾವನ ತೋಟದ ಕಥೆ ಇದು. ರಜೆ ಹಾಕಿ ಹೋಗಿದ್ದೆ. ಮೈಸೂರಿನಲ್ಲಿ ನನ್ನ ಕೆಲಸ ಪ್ಯಾನಲ್ ಬೋರ್ಡುಗಳ ವೈರಿಂಗ್ ಡ್ರಾಯಿಂಗ್ ಮಾಡುವುದು. ಮಾವನ ಮಾತಿನಲ್ಲಿ ಹೇಳುವುದಾದರೆ "ಗೆರೆ ಎಳೆದು ಸಂಬಳ ತಗೊಳ್ಳೋನು". ಹಾಗಾಗಿ ನೀರಿನ ವಿಷಯಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಮೂಗು ತೂರಿಸಿದೆ.

ಮನೆಯಲ್ಲಿ ಆಗಲೇ ನಾಲ್ಕು ತೀರ್ಪು ತಯಾರಾಗಿದ್ದವು. ಟ್ಯಾಂಕು ಸೋರುತ್ತಿದೆ ಅಂತ ಮಾವ. ಒಳಗಡೆ ಎರಡು ಸಲ ವಾಟರ್‌ಪ್ರೂಫ್ ಗಾರೆ ಮಾಡಿಸಿದ್ದರು. ಬೋರಿನಲ್ಲಿ ನೀರು ಇಳಿದಿದೆ ಅಂತ ಮೋಟರ್ ಅಣ್ಣ. ಇವರು 22 ವರ್ಷದಿಂದ ತೋಟದ ಪಂಪು, ಪೈಪು ನೋಡಿಕೊಳ್ಳುವವರು, ಎಲ್ಲರೂ ಕರೆಯುವುದೇ ಹಾಗೆ. ಲೈನ್ ಮನೆಯವರು, ಅಂದರೆ ಸಾಲುಮನೆಗಳಲ್ಲಿರುವ ತೋಟದ ಕೆಲಸಗಾರರು, ರಾತ್ರಿ ನಲ್ಲಿ ಬಿಟ್ಟು ಮಲಗುತ್ತಾರೆ ಅಂತ ಅತ್ತೆ. ಪೇಟೆಯಿಂದ ಬಂದ ಪ್ಲಂಬರ್ ಐದೇ ನಿಮಿಷ ನೋಡಿ, ಬೋರಿನ ಮೋಟರ್ ಬದಲಾಯಿಸಿ, 38,000 ಆಗುತ್ತದೆ ಎಂದಿದ್ದ.

ಅತ್ತೆ ಇನ್ನೂ ಒಂದು ಮಾತು ಹೇಳಿದ್ದರು. "ಕೆಲವು ದಿನ ಬೆಳಿಗ್ಗೆ ನೀರು ಕೆರೆ ವಾಸನೆ ಹೊಡೀತದೆ ಮಾರಾಯ." ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ. ನೀರು ಕಡಿಮೆ ಅನ್ನುವುದು ಒಂದು ದೂರು, ವಾಸನೆ ಅನ್ನುವುದು ಬೇರೆ ದೂರು ಅಂತ ಬಿಟ್ಟೆ.

ಕ್ಯಾಲೆಂಡರಿನ ಹಿಂಬದಿ

ಮೊದಲ ರಾತ್ರಿ ಕುಳಿತು ಕಾರಣಗಳ ಚಿತ್ರ ಬರೆದೆ. ಮಧ್ಯದಲ್ಲಿ "ನೀರಿಲ್ಲ" ಅಂತ ಒಂದು ವೃತ್ತ. ಸುತ್ತ ಕರೆಂಟು, ಬೋರು, ಸೋರಿಕೆ, ಜನ, ದನ, ಬಿಸಿಲು. ಎಲ್ಲದರಿಂದ ಎಲ್ಲದಕ್ಕೂ ಬಾಣ. ಅರ್ಧ ಗಂಟೆಯಲ್ಲಿ ಅದು ತಟ್ಟೆಯಲ್ಲಿ ಬಿದ್ದ ಶಾವಿಗೆಯಂಥ ನೂಪುಟ್ಟಿನ ಹಾಗೆ ಕಾಣುತ್ತಿತ್ತು. ಯಾವ ಎಳೆ ಎಲ್ಲಿಂದ ಶುರು ಅಂತ ತಿಳಿಯದು. ಗೊತ್ತಿಲ್ಲದ ಕಡೆಗೆಲ್ಲ ಬಾಣ ಹಾಕುವುದು ಬಹಳ ಸುಲಭ. ಬಾಣಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅದನ್ನು ಬಚ್ಚಲ ಒಲೆಗೆ ಹಾಕಿದೆ. ನಾನು ಹೇಳುವ ನಾಲ್ಕು ಚಿತ್ರಗಳಲ್ಲಿ ಅದು ಸೇರಿಲ್ಲ.

ಮರುದಿನ, ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಬರೆಯೋಣ ಅಂತ ಹೊರಟೆ. ಹಳೆಯ ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ಲು, ರಬ್ಬರು. ತೋಟ ಪೂರ್ತಿ ಸುತ್ತಿದೆ. ಮನೆ, ಕಣ, ದನದ ಕೊಟ್ಟಿಗೆ, ಮೂರು ಲೈನ್ ಮನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಕೆಳಗೆ ಗದ್ದೆ ಪಕ್ಕದ ಕೆರೆ, ಕೆರೆ ದಡದ ಪಂಪ್ ಶೆಡ್ಡು. ಕಂಡ ಪೈಪನ್ನೆಲ್ಲ ಅದಿರುವ ಜಾಗದಲ್ಲೇ ಬರೆದೆ. ಚಿತ್ರ ಚೆನ್ನಾಗಿಯೇ ಬಂತು. ಸಿಲ್ವರ್ ಓಕ್ ಮರಗಳನ್ನು ಕೂಡ ಹಾಕಿದ್ದೆ, ಅಷ್ಟು ಪ್ರೀತಿಯಿಂದ.

ಆದರೆ ಉಪಯೋಗಕ್ಕೆ ಬರಲಿಲ್ಲ. ಪೈಪುಗಳು ಮುಕ್ಕಾಲು ಪಾಲು ಮಣ್ಣಿನೊಳಗೆ. ಇಲ್ಲಿ ಒಂದು ಮಾರು ಕಾಣುತ್ತದೆ, ಕಾಫಿ ಗಿಡದ ಬುಡದಲ್ಲಿ ಮಾಯವಾಗುತ್ತದೆ, ಆ ಕಡೆ ಇನ್ಯಾವುದೋ ಪೈಪು ಮೇಲೆ ಬರುತ್ತದೆ. ಎರಡೂ ಒಂದೇ ಇರಬೇಕು ಅಂತ ಗೆರೆ ಸೇರಿಸಿದೆ. ಆ ನಂಬಿಕೆಯ ಮೇಲೆ ಎರಡು ಕಡೆ ಅಗೆದೆ. ಒಂದು ಕಡೆ ಹಲಸಿನ ಬೇರು ಸಿಕ್ಕಿತು. ಇನ್ನೊಂದು ಕಡೆ ಗುದ್ದಲಿ ಏಟಿಗೆ ಸ್ಪ್ರಿಂಕ್ಲರ್‌ನ ಮೇನ್ ಪೈಪು ತೂತಾಯಿತು. ಹೂವಿಗೆ ನೀರು ಕೊಡುವ ಕಾಲ ಅದು. ಮಳೆ ತಡವಾದರೆ ಸ್ಪ್ರಿಂಕ್ಲರ್ ನೀರಿನಿಂದಲೇ ರೊಬಸ್ಟಾ ಮೊಗ್ಗು ಅರಳಬೇಕು, ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್ ಅಂತ ಮತ್ತೊಂದು ಸುತ್ತು ಕೊಡಬೇಕು. ಅಂಥ ಹೊತ್ತಿನಲ್ಲಿ ಒಂದು ದಿನ ಕೆಲಸ ನಿಲ್ಲಿಸಿದವನಿಗೆ ಮಾವ ಏನೂ ಅನ್ನಲಿಲ್ಲ. ಸುಮ್ನೆ ನನ್ನ ಮುಖ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಕಣದ ಮೇಲೆ ಸೀಮೆಸುಣ್ಣ

ಕ್ಯಾಲೆಂಡರಿನ ನಕ್ಷೆಯನ್ನು ಮೋಟರ್ ಅಣ್ಣನಿಗೆ ತೋರಿಸಿದ್ದೆ. ಎರಡು ಸಲ ತಿರುಗಿಸಿ ನೋಡಿದರು. "ಚಂದ ಉಂಟು" ಅಂತ ವಾಪಸ್ಸು ಕೊಟ್ಟರು. ಅಷ್ಟೇ. ತೋಟದ ಪೈಪೆಲ್ಲ ಅವರ ಕಾಲಿಗೆ ಗೊತ್ತು, ಕಾಗದದಲ್ಲಿ ಅದನ್ನು ಹುಡುಕುವ ಅಭ್ಯಾಸ ಅವರಿಗಿಲ್ಲ.

ಕಣದಲ್ಲಿ ಒಂದು ಮೂಲೆಯ ಕಾಫಿಯನ್ನು ಆ ಹೊತ್ತಿಗೆ ಚೀಲಕ್ಕೆ ತುಂಬಿದ್ದರು. ಸಿಮೆಂಟು ನೆಲ ಖಾಲಿ ಇತ್ತು. ಅಂಗಡಿಯಿಂದ ಒಂದು ಡಬ್ಬಿ ಬಣ್ಣದ ಸೀಮೆಸುಣ್ಣ ತಂದೆ. ಟ್ಯಾಂಕಿಗೆ ಕಾಫಿ ಅಳೆಯುವ ಡಬ್ಬ ಇಟ್ಟೆ. ಬೋರಿಗೆ ಬಕೆಟ್ಟು, ಕೆರೆಗೆ ಗೋಣಿಚೀಲ, ಪಂಪುಗಳಿಗೆ ಒಂದೊಂದು ಕಿತ್ತಳೆ. ದೂರ ಎಷ್ಟು, ದಿಕ್ಕು ಯಾವುದು ಅನ್ನುವುದನ್ನು ಪೂರ್ತಿ ಕೈಬಿಟ್ಟೆ. ಯಾವುದು ಯಾವುದಕ್ಕೆ ಸೇರಿದೆ, ಅಷ್ಟೇ ಮುಖ್ಯ.

ಇದು ನನ್ನ ಹೊಸ ಬುದ್ಧಿ ಏನಲ್ಲ. ವೈರಿಂಗ್ ಡ್ರಾಯಿಂಗ್ ಮಾಡುವವರೆಲ್ಲ ಹೀಗೇ ಮಾಡುವುದು. ಪ್ಯಾನಲ್ ಒಳಗೆ ವೈರು ಎಷ್ಟು ಸಲ ಬಳುಕಿದರೂ ಡ್ರಾಯಿಂಗ್‌ನಲ್ಲಿ ನೇರ ಗೆರೆ. ಲಂಡನ್ನಿನ ನೆಲದಡಿ ರೈಲಿನ ನಕ್ಷೆಯನ್ನು ಹೀಗೆ ಬರೆದ ಹ್ಯಾರಿ ಬೆಕ್ ಕೂಡ ಡ್ರಾಫ್ಟ್ಸ್‌ಮನ್ನೇ. 1931ರಲ್ಲಿ ಬರೆದಾಗ, ಇದು ತೀರಾ ವಿಚಿತ್ರ ಅಂತ ಒಪ್ಪಲಿಲ್ಲವಂತೆ. 1933ರಲ್ಲಿ ಅಚ್ಚಾಯಿತು, ಜನಕ್ಕೆ ಕೂಡಲೇ ಹಿಡಿಸಿತು. ರೈಲಿನೊಳಗೆ ಕುಳಿತವನಿಗೆ ಮೇಲಿನ ರಸ್ತೆ ಎಷ್ಟು ಡೊಂಕು ಅನ್ನುವುದು ಬೇಡ, ಎಲ್ಲಿ ಇಳಿದು ಯಾವ ಲೈನ್ ಹತ್ತಬೇಕು ಅನ್ನುವುದು ಬೇಕು. ಮಣ್ಣಿನೊಳಗಿನ ನೀರಿಗೂ ನಮ್ಮ ಸಿಲ್ವರ್ ಓಕ್ ಬೇಕಾಗಿರಲಿಲ್ಲ.

ಸಂಜೆ ಮೋಟರ್ ಅಣ್ಣ ಬಂದರು. ಚಪ್ಪಲಿ ಬಿಟ್ಟು ಕಣದ ಮೇಲೆ ನಿಂತರು. "ಬೋರಿನಿಂದ ಶುರು ಮಾಡಿ ಅಣ್ಣ, ನೀವು ನಡೀತಾ ಹೋಗಿ, ನಾನು ಹಿಂದೆ ಗೆರೆ ಎಳೀತೇನೆ" ಅಂದೆ. ನಡೆದರು. ಕಾಗದದ ಮುಂದೆ ಬಾಯಿ ಬಿಡದವರು ಇಲ್ಲಿ ಒಂದೇ ಸಮ ಹೇಳತೊಡಗಿದರು. ಇಲ್ಲಿ ಪೈಪು ಕವಲೊಡೆಯುವ ಟೀ ಜಾಯಿಂಟ್ ಉಂಟು, ಇಲ್ಲಿ ವಾಲ್ವ್, ಇದು ಕೊಟ್ಟಿಗೆಗೆ, 2018ರ ಆಗಸ್ಟ್ ಮಳೆಯಲ್ಲಿ ಗುಡ್ಡದ ಬರೆ ಜರಿದಾಗ ಈ ಪೈಪನ್ನು ಆಚೆ ತಿರುಗಿಸಿದ್ದು. ಮೂರನೇ ಲೈನ್ ಮನೆಗೆ ಟ್ಯಾಂಕಿನ ನೀರು ಹೋಗುವುದೇ ಇಲ್ಲ, ಅದಕ್ಕೆ ಮೇಲಿನ ಒರತೆಯಿಂದ ಬೇರೆ ಕರಿ ಪೈಪು ಅನ್ನುವುದು ಆಗಲೇ ಗೊತ್ತಾಗಿದ್ದು. ಮಾವನಿಗೂ ಅದು ನೆನಪಿರಲಿಲ್ಲ.

ಕೊನೆಗೆ ಕೆರೆಯ ಕಿತ್ತಳೆಯ ಹತ್ತಿರ ಬಂದೆವು.

"ಇಲ್ಲಿಂದ ನೀರು ಎಲ್ಲೆಲ್ಲಿಗೆ ಹೋಗ್ತದೆ?"

"ಸ್ಪ್ರಿಂಕ್ಲರಿಗೆ. ಬೋರು ತೆಗೆಸುವ ಮೊದಲು ಟ್ಯಾಂಕಿಗೂ ಹೋಗ್ತಿತ್ತು. ಈಗ ಅದು ಬಂದ್."

ಸೀಮೆಸುಣ್ಣ ಹಿಡಿದು ಕುಕ್ಕುರುಗಾಲಲ್ಲಿ ಕುಳಿತಿದ್ದ ನನಗೆ ಕೈ ಓಡಲಿಲ್ಲ. ಬಂದ್ ಅನ್ನುವುದನ್ನು ಹೇಗೆ ಬರೆಯುವುದು? "ಬಂದ್ ಅಂದ್ರೆ ಪೈಪು ಕಟ್ ಮಾಡಿದ್ದಾ, ವಾಲ್ವ್ ತಿರುಗಿಸಿದ್ದಾ?"

ಜಗಲಿಯಿಂದ ಮಾವ ಅಂದರು, "ಕಟ್ ಮಾಡಿಸಿದ್ದೆ."

"ಇಲ್ಲ ಸಾವುಕಾರ್ರೆ, ವಾಲ್ವ್ ತಿರುಗಿಸಿದ್ದು ನಾನೇ" ಅಂದರು ಮೋಟರ್ ಅಣ್ಣ. ಮೆಲ್ಲಗೆ ಅಂದರು.

ಇಷ್ಟು ವರ್ಷ ಇಬ್ಬರೂ ಅದನ್ನು ಬಂದ್ ಅಂತಲೇ ಹೇಳಿಕೊಂಡು ಬಂದಿದ್ದಾರೆ, ಇಬ್ಬರಿಗೂ ಸರಿಯಾಗಿಯೇ ಅರ್ಥವಾಗಿದೆ. ಮಾತಿನಲ್ಲಿ ಎರಡೂ ಒಂದೇ. ಡ್ರಾಯಿಂಗ್‌ನಲ್ಲಿ ಹಾಗೆ ನಡೆಯುವುದಿಲ್ಲ. ಕಟ್ ಮಾಡಿದ್ದರೆ ಅಲ್ಲಿ ಗೆರೆಯೇ ಇರಬಾರದು. ವಾಲ್ವ್ ಆದರೆ ಗೆರೆ ಇರಬೇಕು, ಅದರ ಮೇಲೆ ಚಿಟ್ಟೆಯಂಥ ಗುರುತು ಬೀಳಬೇಕು. ನಾನು ಎರಡನ್ನೂ ಮಾಡಲಿಲ್ಲ. ಕೆಂಪು ಸೀಮೆಸುಣ್ಣದಲ್ಲಿ ಚುಕ್ಕಿ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಕಿತ್ತಳೆಯನ್ನು ಅಲ್ಲೇ ಕೂತು ತಿಂದೆವು.

ಎತ್ತರದ ಚಿತ್ರ

ಕಣದ ಚಿತ್ರದಲ್ಲಿ ಒಂದು ಕೊರತೆ ಇತ್ತು. ನೆಲ ಸಮತಟ್ಟು. ಕೊಡಗಿನಲ್ಲಿ ಸಮತಟ್ಟು ಎಲ್ಲಿದೆ? ನೀರಿಗೆ ಬೇಕಾದದ್ದು ಏರು ತಗ್ಗು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎತ್ತರದ ಗೆರೆಗಳು 20 ಮೀಟರಿಗೆ ಒಂದು. ನಮ್ಮ ತೋಟದ ಮೇಲೆ ಒಂದೋ ಎರಡೋ ಗೆರೆ ಹಾದುಹೋಗುತ್ತವೆ, ಅದರಿಂದ ಏನೂ ಗೊತ್ತಾಗದು.

ಎತ್ತರ ಅಳೆಯಲು ಸುಲಭದ ದಾರಿ ಪ್ರೆಷರ್ ಗೇಜು. ನೀರು 10 ಮೀಟರ್ ಮೇಲಿದ್ದರೆ ಕೆಳಗೆ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 1 ಕೆಜಿ ಒತ್ತಡ. ಅರ್ಧ ಇಂಚಿನ ಥ್ರೆಡ್ ಇರುವ ಗೇಜು ತಂದು, ಟೇಪು ಸುತ್ತಿ, ಒಂದೊಂದೇ ನಲ್ಲಿಯ ಬಾಯಿಗೆ ಹಾಕುತ್ತಾ ಹೋದೆ. ಒಂದು ಎಚ್ಚರ: ಗೇಜು ನೋಡುವಾಗ ಆ ಲೈನಿನಲ್ಲಿ ಬೇರೆ ಯಾವ ನಲ್ಲಿಯೂ ತೆರೆದಿರಬಾರದು. ನೀರು ಹರಿಯುತ್ತಿದ್ದರೆ ಮುಳ್ಳು ಕೆಳಗಿಳಿದು ಸುಳ್ಳು ಹೇಳುತ್ತದೆ. ನನಗೆ ಮೊದಲ ಸಲ ಮನೆ ಕೊಟ್ಟಿಗೆಗಿಂತ ತಗ್ಗಿನಲ್ಲಿದೆ ಅಂತ ಬಂತು. ಅತ್ತೆ ಪಾತ್ರೆ ತೊಳೆಯುತ್ತಿದ್ದರು.

ಮನೆಯಲ್ಲಿ 1.2 ಕೆಜಿ. ಅಂದರೆ ಟ್ಯಾಂಕು 12 ಮೀಟರ್ ಮೇಲೆ. ಕೊಟ್ಟಿಗೆಯಲ್ಲಿ 1.5. ಮೊದಲ ಎರಡು ಲೈನ್ ಮನೆಗಳಲ್ಲಿ 1.9. ಪಲ್ಪರ್ ಮನೆಯಲ್ಲಿ 2.4. ಅಲ್ಲಿಂದ ಕೆಳಗೆ ಟ್ಯಾಂಕಿನ ನೀರಿನ ನಲ್ಲಿ ಇಲ್ಲ. ಮೇಸ್ತ್ರಿಯ ಹತ್ತಿರ ಲೆವೆಲ್ ಪೈಪು ಇಸಿದುಕೊಂಡು, ನಾನು ಒಂದು ತುದಿ, ಮೋಟರ್ ಅಣ್ಣ ಒಂದು ತುದಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿದೆವು. ಕೆರೆಯ ಪಂಪಿನವರೆಗೆ ಇನ್ನೂ 8 ಮೀಟರ್. ಒಟ್ಟು 32.

ಹೊಸ ಹಾಳೆ ತೆಗೆದು, ಟ್ಯಾಂಕು ತುತ್ತತುದಿಗೆ, ಕೆರೆ ತೀರಾ ಕೆಳಗೆ, ಉಳಿದವು ತಮ್ಮ ತಮ್ಮ ಎತ್ತರದಲ್ಲಿ ಬರುವ ಹಾಗೆ ಬರೆದೆ. ಕಣದಲ್ಲಿ ಎಲ್ಲೋ ಪಕ್ಕದಲ್ಲಿದ್ದ ಕೆಂಪು ಚುಕ್ಕಿ ಗೆರೆ ಈಗ ಹಾಳೆಯ ಮೇಲಿಂದ ಕೆಳಗಿನವರೆಗೆ ಬಂತು, ಎಲ್ಲಕ್ಕಿಂತ ಉದ್ದದ ಗೆರೆ. ತೋಟದ ಅತಿ ಎತ್ತರದ ನೀರು ಒಂದು ಕಡೆ, ಅತಿ ತಗ್ಗಿನ ನೀರು ಇನ್ನೊಂದು ಕಡೆ. ಮಧ್ಯೆ ಇರುವುದು ಒಂದು ಪ್ರಶ್ನೆ ಗುರುತು.

ಆದರೂ ಅಂದು ನನಗೆ ಹೊಳೆಯಲಿಲ್ಲ. ಕಾರಣ ನಾಚಿಕೆಯದ್ದು. ಆ ಗೆರೆಗೆ ನಾನು ಬಾಣ ಹಾಕಿದ್ದೆ, ಕೆಳಗಿನಿಂದ ಮೇಲಕ್ಕೆ. ಪಂಪಿನಿಂದ ಟ್ಯಾಂಕಿಗೆ ನೀರು ಹೋಗಲಿ ಅಂತ ಹಾಕಿದ ಪೈಪಲ್ವಾ ಅದು. ಹಾಕಿದವರ ಮನಸ್ಸಿನಲ್ಲಿ ಇದ್ದದ್ದನ್ನು ನಾನು ಬಾಣ ಮಾಡಿದ್ದೆ. ನೀರಿಗೆ ಅವರ ಮನಸ್ಸು ಹೇಗೆ ಗೊತ್ತಾಗಬೇಕು?

ಗಂಟೆಗಳ ಚಿತ್ರ, ಮಾವನ ಕೋಲು

ನಾಲ್ಕನೆಯದು ಒಂದು ವಾರದ ಪಟ್ಟಿ. ಅಡ್ಡಕ್ಕೆ 24 ಗಂಟೆ. ಕೆಳಗೆ ಸಾಲು ಸಾಲಾಗಿ ತ್ರೀ ಫೇಸ್ ಕರೆಂಟು, ಬೋರು, ಸ್ಪ್ರಿಂಕ್ಲರ್, ಮನೆಯ ಬಳಕೆ, ಟ್ಯಾಂಕಿನ ಮಟ್ಟ. ಯಾವಾಗ ಆನ್ ಇತ್ತೋ ಅಲ್ಲಿ ಬಣ್ಣ ತುಂಬುವುದು. ನಮ್ಮ ಲೈನಿಗೆ ಆಗ ತ್ರೀ ಫೇಸ್ ಬರುತ್ತಿದ್ದುದು ಸಂಜೆ 4ರಿಂದ ರಾತ್ರಿ 10. ಟ್ಯಾಂಕು 2 ಮೀಟರ್ ಅಗಲ, 2 ಮೀಟರ್ ಉದ್ದ. 10 ಸೆಂಟಿಮೀಟರ್ ಇಳಿದರೆ 400 ಲೀಟರ್ ಹೋಯಿತು ಅಂತ ಲೆಕ್ಕ. ಬಿದಿರ ಕೋಲಿಗೆ ಗುರುತು ಹಾಕಿ ಒಳಗೆ ನಿಲ್ಲಿಸಿದೆ.

ಒಂದು ರಾತ್ರಿ ಮನೆ, ಕೊಟ್ಟಿಗೆ, ಲೈನ್ ಮನೆ, ಪಲ್ಪರ್ ಮನೆ ಎಲ್ಲದರ ವಾಲ್ವ್ ಟ್ಯಾಂಕಿನ ಬುಡದಲ್ಲೇ ಮುಚ್ಚಿದೆವು. ರಾತ್ರಿ 10ಕ್ಕೆ ನೋಡಿದ ಮಟ್ಟ, ಬೆಳಿಗ್ಗೆ 5ಕ್ಕೆ ನೋಡಿದರೆ 80 ಸೆಂಟಿಮೀಟರ್ ಕೆಳಗೆ. 7 ಗಂಟೆಯಲ್ಲಿ 3,200 ಲೀಟರ್. ಲೈನ್ ಮನೆಯವರ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು. ಅತ್ತೆ ಅಂದು ಲೈನ್ ಮನೆಗೆ ಕಡಂಬುಟ್ಟು ಕಳಿಸಿದ್ದು ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಟ್ಯಾಂಕು ಸೋರಿದ್ದರೆ ಅಷ್ಟು ನೀರಿಗೆ ಗುಡ್ಡದ ಮೇಲೆ ಕೆಸರಾಗಬೇಕಿತ್ತು. ಬುಡದಲ್ಲಿ ತರಗೆಲೆ ಗರಿಗರಿ ಅನ್ನುತ್ತಿತ್ತು. ಪೈಪು ಒಡೆದಿದ್ದರೂ ಎಲ್ಲೋ ಒಂದು ಕಡೆ ಒದ್ದೆ ಕಾಣಬೇಕು. ತೋಟ ಪೂರ್ತಿ ನಡೆದರೂ ಒದ್ದೆ ಇಲ್ಲ.

ಪಟ್ಟಿಯಲ್ಲಿ ಇನ್ನೊಂದು ಕಂಡಿತು. ಸ್ಪ್ರಿಂಕ್ಲರ್ ಓಡಿದ ದಿನ ಟ್ಯಾಂಕು ಎರಡು ಗಂಟೆ ಮೊದಲೇ ತುಂಬುತ್ತದೆ. ಕರೆಂಟು ಅದೇ, ಬೋರು ಅದೇ. ತಡವಾಗಬೇಕಾದದ್ದು ಬೇಗ ಆಗುತ್ತಿದೆ. ಅತ್ತೆಯನ್ನು ಕೂರಿಸಿ ವಾಸನೆ ಬಂದ ದಿನಗಳನ್ನು ಕೇಳಿದೆ. ಅವರಿಗೆ ತಾರೀಖು ನೆನಪಿಲ್ಲ, ಅಡುಗೆ ನೆನಪಿದೆ. "ಪಂದಿ ಕರಿ ಮಾಡಿದ ಮರುದಿನ, ಆಮೇಲೆ ನಿನ್ನೆ." ಎರಡೂ ಸ್ಪ್ರಿಂಕ್ಲರ್ ಓಡಿದ ಮರುದಿನಗಳೇ. ಮೊದಲೆರಡು ಲೈನ್ ಮನೆಗಳಲ್ಲಿ ಕೇಳಿದೆ, ಅವರಿಗೂ ವಾಸನೆ ಬಂದಿದೆ. ಒರತೆ ನೀರಿನ ಮೂರನೇ ಮನೆಯವರಿಗೆ ಮಾತ್ರ ಏನೂ ಗೊತ್ತಿಲ್ಲ.

1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತು ಮಾಡಿದ ಕಥೆ ಗೊತ್ತಿರಬಹುದು. ಗುರುತುಗಳು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಗುಂಪಾಗಿದ್ದವು. ನಕ್ಷೆ ನೋಡಿಯೇ ಪಂಪಿನ ಹಿಡಿ ಕಿತ್ತರು ಅಂತ ಹೇಳುವುದು ತಪ್ಪು. ಹಿಡಿ ಕಿತ್ತದ್ದು 1854ರ ಸೆಪ್ಟೆಂಬರಿನಲ್ಲಿ, ನಕ್ಷೆ ಆಮೇಲೆ ಬಂದದ್ದು. ನನಗೆ ಆ ಕಥೆಯಲ್ಲಿ ಹಿಡಿಸುವುದು ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆ. ಅಲ್ಲಿನ ಕೆಲಸಗಾರರಿಗೆ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಕಾರ್ಖಾನೆಗೆ ತನ್ನದೇ ಬಾವಿಯೂ ಇತ್ತು. ನಮ್ಮ ಮೂರನೇ ಲೈನ್ ಮನೆ ನನಗೆ ಆ ಕಾರ್ಖಾನೆಯ ಹಾಗೆ ಕಂಡಿತು.

ಅಷ್ಟರಲ್ಲಿ ಮಾವ ಹಿಂದೆ ಬಂದು ನಿಂತು ಪಟ್ಟಿ ನೋಡಿದರು. "ಇದರಲ್ಲಿ ನನ್ನ ಕೆರೆ ಕೋಲನ್ನೂ ಹಾಕು" ಅಂದರು. ಕೆರೆಯಲ್ಲಿ ಅವರದ್ದೊಂದು ಕೋಲು ನೆಟ್ಟಿದೆ. ಬೇಸಿಗೆಯಲ್ಲಿ ದಿನಾ ನೋಡುತ್ತಾರೆ. "ಈ ವರ್ಷ ಕೆರೆ ಇಳೀಲೇ ಇಲ್ಲ. ಸ್ಪ್ರಿಂಕ್ಲರ್ ಓಡಿಸದ ದಿನ ಹಾಗೇ ನಿಂತಿರ್ತದೆ. ಒಳ್ಳೆ ಊಟೆ ಬಿದ್ದಿದೆ." ಊಟೆ ಅಂದರೆ ಕೆರೆಯೊಳಗೆ ಉಕ್ಕುವ ಒರತೆ. ಮಾವನಿಗೆ ಅದೊಂದು ಹೆಮ್ಮೆ. ಬಂದವರಿಗೆಲ್ಲ ಹೇಳುತ್ತಿದ್ದರು, ನನಗೂ ಹೇಳಿದ್ದರು.

ಟ್ಯಾಂಕಿನ ಸಾಲಿನ ಕೆಳಗೆ ಕೆರೆಯ ಸಾಲು ಬರೆದೆ. ಒಂದು ಇಳಿಯುತ್ತದೆ, ಇನ್ನೊಂದು ಇಳಿಯಬೇಕಾದಷ್ಟು ಇಳಿಯುವುದಿಲ್ಲ. ನಮ್ಮ ಕೆರೆ ಸುಮಾರು 20 ಮೀಟರ್ ಉದ್ದ, 15 ಮೀಟರ್ ಅಗಲ. ರಾತ್ರಿ ಮತ್ತು ಬೆಳಿಗ್ಗೆ ಸೇರಿ 6,000 ಲೀಟರ್ ಅದಕ್ಕೆ ಬಿದ್ದರೆ 2 ಸೆಂಟಿಮೀಟರ್. ಒಂದು ಬೆರಳಗಲ. ಬೇಸಿಗೆಯಲ್ಲಿ ಕೆರೆ ದಿನಕ್ಕೆ ಎಷ್ಟು ಇಳಿಯುತ್ತದೆ ಅಂತ ಮಾವನನ್ನು ಕೇಳಿದೆ. ಅವರು ಬಾಯಲ್ಲಿ ಹೇಳಲಿಲ್ಲ, ತೋರುಬೆರಳು ಅಡ್ಡ ಹಿಡಿದು ತೋರಿಸಿದರು.

ಅಮೆರಿಕದ ಸಂಶೋಧಕರಾದ ಜಿಲ್ ಲಾರ್ಕಿನ್ ಮತ್ತು ಹರ್ಬರ್ಟ್ ಸೈಮನ್ 1987ರಲ್ಲಿ ಚಿತ್ರ ಯಾಕೆ ಕೆಲಸ ಮಾಡುತ್ತದೆ ಅಂತ ಬರೆದಿದ್ದಾರೆ. ಅವರ ಒಂದು ಉದಾಹರಣೆ ರಾಟೆ ಹಗ್ಗದ್ದು. ಮಾತಿನಲ್ಲಿ ಹೇಳಿದರೆ ಸಂಗತಿಗಳು ಹೇಳಿದ ಸಾಲಿನಲ್ಲಿ ಬರುತ್ತವೆ, ಒಂದಕ್ಕೊಂದು ಬೇಕಾದವು ದೂರ ದೂರ ಉಳಿಯುತ್ತವೆ. ಚಿತ್ರದಲ್ಲಿ ಅವು ಅಕ್ಕಪಕ್ಕ ಬಂದು ಕೂರುತ್ತವೆ, ಹುಡುಕಾಟ ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲಿ ಟ್ಯಾಂಕಿನ ಸುದ್ದಿ ಅಡುಗೆಮನೆಯಲ್ಲಿತ್ತು, ಕೆರೆಯ ಸುದ್ದಿ ಜಗಲಿಯಲ್ಲಿತ್ತು. ಒಂದು ಬೇಸರದ ಮಾತು, ಇನ್ನೊಂದು ಖುಷಿಯ ಮಾತು. ಎರಡನ್ನೂ ಒಟ್ಟಿಗೆ ಯಾರು ಆಡುತ್ತಾರೆ?

ಎತ್ತರದ ಚಿತ್ರ ತೆಗೆದು, ಚುಕ್ಕಿ ಗೆರೆಯ ಬಾಣವನ್ನು ರಬ್ಬರಿನಲ್ಲಿ ಉಜ್ಜಿದೆ. ಎರಡೂ ತುದಿಗೆ ಬಾಣ ಹಾಕಿದೆ. ಪಂಪು ನಿಂತಾಗ ಟ್ಯಾಂಕಿನ 32 ಮೀಟರ್, ಅಂದರೆ 3.2 ಕೆಜಿ, ನೀರನ್ನು ಕೆಳಗೆ ದೂಡುತ್ತದೆ. ಸ್ಪ್ರಿಂಕ್ಲರ್ ಓಡುವಾಗ ಪಂಪಿನ ಗೇಜು 4.5 ತೋರಿಸುತ್ತದೆ, ಆಗ ಅದೇ ಪೈಪಿನಲ್ಲಿ ಕೆರೆ ನೀರು ಮೇಲಕ್ಕೆ ಹತ್ತುತ್ತದೆ. ಟ್ಯಾಂಕು ಬೇಗ ತುಂಬುವುದು, ಬೆಳಿಗ್ಗೆ ವಾಸನೆ, ಎಲ್ಲ ಒಂದೇ ಗೆರೆಯ ಮೇಲೆ ಬಂದು ಕೂತಿತು. ಇಷ್ಟು ದಿನ ಮನೆಯವರೆಲ್ಲ ಕೆರೆ ನೀರು ಕುಡಿದಿದ್ದರು. ಅತ್ತೆ ಕುಡಿಯುವ ನೀರು ಕುದಿಸುತ್ತಾರೆ, ಪುಣ್ಯಕ್ಕೆ.

ಪ್ರೈಮಿಂಗ್ ಬಾಯಿ

ಹಾಳೆಯಲ್ಲಿ ಕೂತಿತು ಅಂದ ಮಾತ್ರಕ್ಕೆ ನಿಜ ಅಂತಲ್ಲ. ಬೆಳಿಗ್ಗೆ ಮೋಟರ್ ಅಣ್ಣನ ಜೊತೆ ಕೆರೆಯ ಶೆಡ್ಡಿಗೆ ಹೋದೆ. ಕರೆಂಟಿಲ್ಲ, ಪಂಪು ನಿಂತಿದೆ. ಹಿಂದಿನ ಸಂಜೆ ಟ್ಯಾಂಕು ತುಂಬಿಸಿ, ಉಳಿದ ವಾಲ್ವ್‌ಗಳನ್ನೆಲ್ಲ ಮುಚ್ಚಿಯೇ ಇಟ್ಟಿದ್ದೆವು.

"ಫುಟ್‌ವಾಲ್ವ್ ಹೇಗಿದೆ ಅಣ್ಣ?"

"ಒಂದನೇ ನಂಬರ್. ಎರಡು ವರ್ಷ ಆಯ್ತು ಪ್ರೈಮಿಂಗ್‌ಗೆ ಒಂದು ಚೊಂಬು ನೀರು ಹುಯ್ದಿಲ್ಲ."

ಫುಟ್‌ವಾಲ್ವ್ ಅಂದರೆ ನೀರು ಎಳೆಯುವ ಪೈಪಿನ ತುದಿಯಲ್ಲಿ, ಕೆರೆಯೊಳಗೆ ಇರುವ ಒಮ್ಮುಖ ವಾಲ್ವ್. ಕೆರೆ ಪಂಪು ಇರುವವರಿಗೆ ಗೊತ್ತು, ಫುಟ್‌ವಾಲ್ವ್ ಹಾಳಾದರೆ ಪಂಪಿನೊಳಗಿನ ನೀರು ಕೆರೆಗೆ ಇಳಿದುಹೋಗುತ್ತದೆ. ಪ್ರತಿ ಸಲ ನೀರು ಹುಯ್ದು ಸ್ಟಾರ್ಟ್ ಮಾಡಬೇಕು. ಹುಯ್ಯಬೇಕಿಲ್ಲ ಅಂದರೆ ಫುಟ್‌ವಾಲ್ವ್ ಚೆನ್ನಾಗಿದೆ ಅಂತ ಅರ್ಥ. ಅಥವಾ ಬೇರೆ ಯಾರೋ ಮೇಲಿಂದ ಹುಯ್ಯುತ್ತಲೇ ಇದ್ದಾರೆ ಅಂತ.

ಪಂಪಿನ ನೆತ್ತಿಯ ಪ್ರೈಮಿಂಗ್ ಪ್ಲಗ್ಗನ್ನು ಸ್ಪ್ಯಾನರ್ ಹಾಕಿ ಬಿಚ್ಚಿದೆ. ಕೊನೆಯ ಸುತ್ತಿಗೆ ಮೊದಲೇ ಅಂಚಿನಿಂದ ನೀರು ಚಿಮ್ಮಿತು. ಪ್ಲಗ್ಗು ಕೈಗೆ ಬಂತು. ನೀರು ಉಕ್ಕಿ ಪಂಪಿನ ಮೈಮೇಲೆ ಇಳಿದು ನೆಲಕ್ಕೆ ಹರಿಯಿತು. ನಿಲ್ಲಲಿಲ್ಲ. ಕೆರೆಯ ನೀರು ನಮ್ಮ ಕಾಲಿಗಿಂತ ಒಂದಾಳು ಕೆಳಗಿದೆ. ಅದು ತಾನಾಗಿ ಇಲ್ಲಿಗೆ ಏರುವ ಹಾಗಿಲ್ಲ. ಮೋಟರ್ ಅಣ್ಣ ಬೆರಳು ಅದ್ದಿ, ಮೂಸಿ, ನಾಲಿಗೆಗೆ ಹಚ್ಚಿಕೊಂಡರು. "ಬೋರಿನ ನೀರು" ಅಂದರು. ಆಮೇಲೆ ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ಒಂದು ತುಂಡು ಪೈಪು ಸಿಕ್ಕಿಸಿ ಬಕೆಟ್ಟಿಗೆ ಹಿಡಿದೆವು. 15 ಲೀಟರ್ ಬಕೆಟ್ಟು ತುಂಬಲು 2 ನಿಮಿಷ. ಗಂಟೆಗೆ 450 ಲೀಟರ್. ಟ್ಯಾಂಕಿನ ಕೋಲು ಹೇಳಿದ್ದು 7 ಗಂಟೆಗೆ 3,200, ಅಂದರೆ ಗಂಟೆಗೆ 457. ಬಕೆಟ್ಟಿನ ಲೆಕ್ಕ ಮತ್ತು ಬಿದಿರ ಕೋಲಿನ ಲೆಕ್ಕ ಇಷ್ಟು ಹತ್ತಿರ ಬಂದದ್ದು ಸ್ವಲ್ಪ ಅದೃಷ್ಟವೇ.

ಒದ್ದೆ ಯಾಕೆ ಕಾಣಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಸೋರುತ್ತಿದ್ದುದು ನೀರಿನೊಳಗೆ, ಫುಟ್‌ವಾಲ್ವಿನ ಬಾಯಲ್ಲಿ.

ರಿಪೇರಿ

ಕಣದ ಚಿತ್ರದ ಫೋಟೊ ನೋಡಿಕೊಂಡು, ಶೆಡ್ಡಿನ ಹಿಂದೆ ಮೋಟರ್ ಅಣ್ಣ ಹೇಳಿದ ಕಡೆ ಒಂದಡಿ ಅಗೆದೆವು. ಈ ಸಲ ಗುದ್ದಲಿ ಅವರ ಕೈಯಲ್ಲಿತ್ತು. ಎರಡು ಇಂಚಿನ ಹಿತ್ತಾಳೆ ಗೇಟ್‌ವಾಲ್ವ್ ಸಿಕ್ಕಿತು, ಮುಚ್ಚಿಯೇ ಇತ್ತು. ಮೋಟರ್ ಅಣ್ಣ ಹೇಳಿದ್ದು ಸರಿ, ಅವರ ಕೆಲಸವೂ ಸರಿಯಿತ್ತು. ಬಿಚ್ಚಿ ನೋಡಿದರೆ, ಒಳಗಿನ ಬೆಣೆ ಕೂರುವ ಸೀಟಿನಲ್ಲಿ ಅಕ್ಕಿ ಕಾಳು ಮಲಗುವಷ್ಟು ಒಂದು ಸವೆತ. 3.2 ಕೆಜಿ ಒತ್ತಡಕ್ಕೆ ಅಷ್ಟು ಸಂದು ಧಾರಾಳ.

ಪೈಪನ್ನು ಎರಡು ಕಡೆ ಕೊಯ್ದು, ಮಧ್ಯದ 3 ಮೀಟರ್ ತೆಗೆದು, ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಿದೆವು. ಹೊಸ ವಾಲ್ವ್ ಹಾಕಿದರೆ ಸಾಕಲ್ವಾ ಅಂತ ಮಾವ ಕೇಳಿದರು. ಬೇಡ ಅಂದೆ. ಕುಡಿಯುವ ನೀರಿಗೂ ಕೆರೆ ನೀರಿಗೂ ಮಧ್ಯೆ ವಾಲ್ವ್ ಇದ್ದರೆ ಒಂದಲ್ಲ ಒಂದು ದಿನ ಯಾರಾದರೂ ತುರ್ತಿಗೆ ತಿರುಗಿಸುತ್ತಾರೆ. 3 ಮೀಟರ್ ಗಾಳಿಯನ್ನು ತಿರುಗಿಸಲು ಆಗುವುದಿಲ್ಲ. ಬೋರಿನ ಪೈಪು ಟ್ಯಾಂಕಿನ ಬುಡಕ್ಕೆ ಸೇರುತ್ತಿತ್ತು. ಅದನ್ನು ಎತ್ತಿ ಮೇಲಿನ ಅಂಚಿನಿಂದ ಬೀಳುವ ಹಾಗೆ ಮಾಡಿದೆವು. ಇನ್ನು ಎಲ್ಲಿ ಏನು ಕೆಟ್ಟರೂ ತುಂಬಿಸುವ ಪೈಪಿನಲ್ಲಿ ಟ್ಯಾಂಕು ಖಾಲಿಯಾಗದು. ಟ್ಯಾಂಕು ತೊಳೆದು, ಬ್ಲೀಚಿಂಗ್ ಹಾಕಿ, ಒಂದು ದಿನ ಬಿಟ್ಟು ಚೆಲ್ಲಿ ತುಂಬಿಸಿದೆವು.

ಪೈಪು ಕೊಯ್ದ ಸಂಜೆ ಸ್ಪ್ರಿಂಕ್ಲರ್ ಸ್ಟಾರ್ಟ್ ಮಾಡಿದರೆ ಪಂಪು ಬರೀ ಗಾಳಿ ತಿರುಗಿಸಿತು. ಎರಡು ವರ್ಷದಲ್ಲಿ ಮೊದಲ ಸಲ. ಮೋಟರ್ ಅಣ್ಣ ಮುಖ ಆಚೆ ತಿರುಗಿಸಿಕೊಂಡು ಚೊಂಬಿನಲ್ಲಿ ನೀರು ಹುಯ್ದರು. ಮರುದಿನ ಫುಟ್‌ವಾಲ್ವ್ ಎತ್ತಿ ನೋಡಿದೆವು. ಒಳಗಿನ ರಬ್ಬರು ಹರಿದು ಎರಡು ಹೋಳಾಗಿತ್ತು, ಜಾಲರಿಯ ತುಂಬ ಕೊಳೆತ ಎಲೆ. ಹೊಸದು ಹಾಕಿದೆವು. ಎಂಡ್ ಕ್ಯಾಪ್, ಬೆಂಡು, ಫುಟ್‌ವಾಲ್ವ್, ನಾನು ತೂತು ಮಾಡಿದ ಪೈಪಿನ ರಿಪೇರಿ ಎಲ್ಲ ಸೇರಿ 3,460 ರೂಪಾಯಿ. ಸೀಮೆಸುಣ್ಣದ ದುಡ್ಡು ಕೊಡುವುದಿಲ್ಲ ಅಂದರು ಮಾವ.

ಆಮೇಲೆ

ಮಾರ್ಚ್ ಎರಡನೇ ವಾರ ಒಂದು ರಾತ್ರಿ, ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಂತು. ಬೆಳಿಗ್ಗೆ ಕಣದಲ್ಲಿ ನೀಲಿ, ಕೆಂಪು ನೀರು ಮೂಲೆಗೆ ಹರಿದು ನಿಂತಿತ್ತು. ಅದಕ್ಕೂ ಮೊದಲು ಎಲ್ಲವನ್ನೂ ಹಾಳೆಗೆ ಇಳಿಸಿ, ಪ್ಲಾಸ್ಟಿಕ್ ಹಾಕಿಸಿ, ಒಂದನ್ನು ಪಂಪ್ ಶೆಡ್ಡಿನಲ್ಲಿ, ಒಂದನ್ನು ಜಗಲಿಯಲ್ಲಿ ಅಂಟಿಸಿದ್ದೆ. ಶೆಡ್ಡಿನ ಹಾಳೆಯ ಮೇಲೆ ಮೋಟರ್ ಅಣ್ಣ ಆಗಲೇ ಬಾಲ್‌ಪೆನ್ನಿನಲ್ಲಿ ಎರಡು ವಾಲ್ವ್ ಸೇರಿಸಿದ್ದಾರೆ. ಒಂದು ನನಗೆ ಗೊತ್ತೇ ಇರಲಿಲ್ಲ.

ಟ್ಯಾಂಕು ಈಗ ಬೆಳಿಗ್ಗೆ ತುಂಬಿಯೇ ಇರುತ್ತದೆ. ಮಾವನಿಗೆ ಮಾತ್ರ ಸಮಾಧಾನವಿಲ್ಲ. ಮಳೆ ಬಂದು ಹೋದ ಮೇಲೆ ಕೆರೆ ಕೋಲಿನ ಗುರುತು ದಿನಕ್ಕೆ ಒಂದು ಬೆರಳು ಇಳಿಯುತ್ತಿದೆ. ಬಂದವರಿಗೆಲ್ಲ, "ಒಳ್ಳೆ ಊಟೆ ಇತ್ತು, ಇವನು ಬಂದು ಗೆರೆ ಎಳೆದು ನಿಲ್ಲಿಸಿದ" ಅನ್ನುತ್ತಾರೆ.

ಜಗಲಿಯ ಹಾಳೆಯಲ್ಲಿ ಇನ್ನೊಂದು ಚುಕ್ಕಿ ಗೆರೆ ಉಳಿದಿದೆ. ಮೂರನೇ ಲೈನ್ ಮನೆಯ ಒರತೆ ಪೈಪು, 2018ರಲ್ಲಿ ಬರೆ ಜರಿದ ಜಾಗದ ಆಚೆ ಹೇಗೆ ಹೋಗಿದೆ ಅಂತ. ಆ ಕಡೆ ಬೆಳಗಿನ ಹೊತ್ತು ಆನೆ ಇರುತ್ತದೆ. ಭಾನುವಾರ ಬಿಸಿಲೇರಿದ ಮೇಲೆ ಹೋಗೋಣ, ಸೀಮೆಸುಣ್ಣ ತನ್ನಿ ಅಂದಿದ್ದಾರೆ ಮೋಟರ್ ಅಣ್ಣ.